ಅಂಗಳದ ದೀಪದ ಲೆಕ್ಕ

ಬೆಳಗಾವಿಯಿಂದ ಬಾಗಲಕೋಟೆಯ ಕಡೆ ಹೊರಟ ಸಂಜೆಯ ಬಸ್ಸು ನೇಸರಗಿ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ. ಕಿಟಕಿಯಾಚೆ, ಹೊಲಗಳ ನಡುವಿನ ತೋಟಪಟ್ಟಿ ಮನೆಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತದೆ. ಹದಿನೈದು ವರ್ಷದ ಹಿಂದೆ ಅದು ಗುಂಡು ಬಲ್ಬಿನ ಹಳದಿ ಬೆಳಕು. ಅದರಲ್ಲಿ ಮನೆಯ ಕಟ್ಟೆ, ಗೋದಲಿ, ಕಟ್ಟಿದ ಎಮ್ಮೆ ಮಸುಕಾಗಿಯಾದರೂ ಕಾಣುತ್ತಿದ್ದವು. ಈಗ ಅನೇಕ ಕಡೆ ಹಾಲಿನಂಥ ಬಿಳಿ ಬೆಳಕು ನೇರ ಕಣ್ಣಿಗೇ ಬಂದು ಹೊಡೆಯುತ್ತದೆ. ದೀಪ ಕಾಣುತ್ತದೆ, ಮನೆ ಕಾಣುವುದಿಲ್ಲ.

ಹೊರಗಿನ ದೀಪ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ವ್ಯಾಟು, ಎಷ್ಟು ರೂಪಾಯಿ’ ಎಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಮನೆ-ಹಿತ್ತಲಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡಿದರೆ, ಕರೆಂಟು ಉಳಿಯುವುದು ಬಲ್ಬಿನ ಜಾತಿಯಿಂದ ಮಾತ್ರವಲ್ಲ, ಅದು ಉರಿಯುವ ತಾಸುಗಳಿಂದಲೂ. ಈ ಲೇಖನದ ಲೆಕ್ಕವೆಲ್ಲ ಆ ತಾಸುಗಳ ಸುತ್ತಲೇ ಇದೆ.

ಎಣ್ಣೆ ಇದ್ದಷ್ಟು ದೀಪ

ನೇಸರಗಿ ರಟ್ಟರ ಕಾಲದ ಶಾಸನ ಸಿಕ್ಕ ಊರು. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ನಂದಾದೀವಿಗೆಯ ದತ್ತಿಗಳು ಹೊಸವಲ್ಲ. ಗುಡಿಯಲ್ಲಿ ಆರದ ದೀಪ ಉರಿಯಬೇಕೆಂದರೆ ಯಾರೋ ಗಾಣದ ಎಣ್ಣೆಯ ಪಾಲನ್ನು ಬಿಟ್ಟುಕೊಡಬೇಕಿತ್ತು, ಅದನ್ನು ಕಲ್ಲಿನಲ್ಲಿ ಬರೆಸಬೇಕಿತ್ತು. ಇಡೀ ರಾತ್ರಿಯ ಬೆಳಕಿಗೆ ಅಷ್ಟು ಬೆಲೆ. ದೇವರ ಪಾಡೇ ಹೀಗಿದ್ದ ಮೇಲೆ ಮನುಷ್ಯರ ಅಂಗಳಕ್ಕೆ ರಾತ್ರಿಯಿಡೀ ದೀಪ ಎಲ್ಲಿಯದು? ಬಾಗಿಲ ಪಕ್ಕದ ಗೂಡಿನಲ್ಲಿ ಮುಸ್ಸಂಜೆಗೊಂದು ಹಣತೆ, ಒಳಗೆ ಚಿಮಣಿ, ದನದ ಮನೆಗೆ ಹೋಗುವಾಗ ಕೈಯಲ್ಲಿ ಕಂದೀಲು. ಕಂದೀಲು ಮನುಷ್ಯನ ಜತೆ ಹೋಗಿ ಮನುಷ್ಯನ ಜತೆಯೇ ಒಳಗೆ ಬರುತ್ತಿತ್ತು. ಯಾರೂ ಇಲ್ಲದ ಅಂಗಳಕ್ಕೆ ಯಾರೂ ಎಣ್ಣೆ ಸುಡುತ್ತಿರಲಿಲ್ಲ.

ಕರೆಂಟಿನ ಮಟ್ಟಿಗೆ ನಮ್ಮ ಸೀಮೆ ಹಿಂದುಳಿದದ್ದಲ್ಲ. ಪಕ್ಕದ ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲೇ ಘಟಪ್ರಭೆಯ ನೀರಿನಿಂದ ವಿದ್ಯುತ್ ತೆಗೆದರು ಎಂಬುದು ಈ ಭಾಗದ ಹೆಮ್ಮೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಆದರೆ ಹಳ್ಳಿಯ ಬಡವರ ಮನೆಗೆ ಅದು ಹೊಕ್ಕದ್ದು ಬಹಳ ತಡವಾಗಿ, ಭಾಗ್ಯಜ್ಯೋತಿ ಯೋಜನೆಯ 40 ವ್ಯಾಟಿನ ಒಂದೇ ಬಲ್ಬಾಗಿ. ಆ ಒಂದನ್ನೇ ಗೋಡೆಯಲ್ಲಿ ಕಿಂಡಿ ಕೊರೆದು ತೂಗುಹಾಕಿ ಅಡಿಗೆ ಮನೆಗೂ ಪಡಸಾಲೆಗೂ ಬೆಳಕು ಹಂಚಿಕೊಂಡವರಿದ್ದಾರೆ. ಬೆಳಕನ್ನು ಎಲ್ಲಿ ಬೇಕೋ ಅಲ್ಲಿಗೆ ತಿರುಗಿಸುವ ವಿದ್ಯೆಯನ್ನು ಅವರಿಗೆ ಯಾವ ಎಂಜಿನಿಯರೂ ಕಲಿಸಬೇಕಾಗಿರಲಿಲ್ಲ.

ಆಮೇಲೆ ಬಂದದ್ದು ಎಲ್‌ಇಡಿ. ನೀಲಿ ಎಲ್‌ಇಡಿ ಕಂಡುಹಿಡಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ಅಲ್ಲಿಯೇ ಹುಟ್ಟಿ ಬೆಳೆದ ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಿಕ್ಕಿತು. ನೀಲಿಯ ಮೇಲೆ ಹಳದಿ ರಂಜಕದ ಲೇಪ ಕೊಟ್ಟಾಗಲೇ ನಾವಿಂದು ಕಾಣುವ ಬಿಳಿ ಎಲ್‌ಇಡಿ ಹುಟ್ಟಿದ್ದು. 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಯೋಜನೆ, ಅದೇ ವರ್ಷದ ಕೊನೆಗೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ 9 ವ್ಯಾಟಿನ ಬಲ್ಬುಗಳ ಹಂಚಿಕೆ. ಸರ್ಕಾರ 2014ರಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಂಡದ್ದು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಬೆಳಕು ಇಷ್ಟು ಅಗ್ಗವಾದ ಮೇಲೆ ಆರಿಸುವ ಅಭ್ಯಾಸವೇ ತಪ್ಪಿತು.

ವ್ಯಾಟು, ತಾಸು, ಯೂನಿಟ್

ಒಂದು ಸಾವಿರ ವ್ಯಾಟಿನ ಭಾರ ಒಂದು ತಾಸು ಉರಿದರೆ ಒಂದು ಯೂನಿಟ್. ರಾತ್ರಿಯನ್ನು ಹನ್ನೆರಡು ತಾಸು, ತಿಂಗಳನ್ನು ಮೂವತ್ತು ದಿನ ಎಂದು ಹಿಡಿಯೋಣ. ಅಂಗಳದಲ್ಲಿ ರಾತ್ರಿಯಿಡೀ ಉರಿದ 60 ವ್ಯಾಟಿನ ಗುಂಡು ಬಲ್ಬು ತಿಂಗಳಿಗೆ 21.6 ಯೂನಿಟ್ ತಿನ್ನುತ್ತಿತ್ತು. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟು ತನ್ನ ಚೋಕ್ ತಿನ್ನುವುದನ್ನೂ ಸೇರಿಸಿ 50 ವ್ಯಾಟ್ ದಾಟುತ್ತಿದ್ದರಿಂದ ಅದೂ ಸುಮಾರು 18 ಯೂನಿಟ್ ನುಂಗುತ್ತಿತ್ತು. ‘ಝೀರೋ ಬಲ್ಬು’ ಹೆಸರಿಗೆ ಮಾತ್ರ ಸೊನ್ನೆ. ಹಳೆಯ ತಂತಿಯ ಝೀರೋ ಬಲ್ಬು 12ರಿಂದ 15 ವ್ಯಾಟ್ ಎಳೆಯುತ್ತಿತ್ತು. 15 ವ್ಯಾಟಿನದು ರಾತ್ರಿಯಿಡೀ ಉರಿದರೆ ತಿಂಗಳಿಗೆ 5.4 ಯೂನಿಟ್. ಅದಕ್ಕೆ ಬದಲಾಗಿ 9 ವ್ಯಾಟಿನ ಎಲ್‌ಇಡಿ, ಝೀರೋ ಬಲ್ಬಿಗಿಂತ ಎಷ್ಟೋ ಪಟ್ಟು ಬೆಳಕು ಕೊಟ್ಟೂ, 3.24 ಯೂನಿಟ್‌ನಲ್ಲಿ ಮುಗಿಸುತ್ತದೆ.

ಇಲ್ಲಿಗೆ ಉಳಿತಾಯ ಖಚಿತ ಅನ್ನಿಸುತ್ತದೆ. ಆದರೆ ಈಗ ಅಂಗಳಕ್ಕೆ ಬರುತ್ತಿರುವುದು 9 ವ್ಯಾಟಿನ ಬಲ್ಬಲ್ಲ, 50 ವ್ಯಾಟಿನ ಫ್ಲಡ್‌ಲೈಟು. ಅದು ರಾತ್ರಿಯಿಡೀ ಉರಿದರೆ 18 ಯೂನಿಟ್. ಎಲ್‌ಇಡಿ ಹಾಕಿದೆವು ಎಂಬ ಸಮಾಧಾನ ನಮಗೆ, ಮೀಟರಿನ ಪಾಲಿಗೆ ಹಳೆಯ ಟ್ಯೂಬ್‌ಲೈಟೇ ಮರಳಿ ಬಂದಂತೆ. ಅದೇ 9 ವ್ಯಾಟಿನ ಬಲ್ಬನ್ನು ಸಂಜೆಯ ನಾಲ್ಕು ತಾಸು ಉರಿಸಿ ಆರಿಸಿದರೆ ಒಂದು ಯೂನಿಟ್‌ಗಿಂತ ಚೂರು ಹೆಚ್ಚು. ಹದಿನೆಂಟಕ್ಕೂ ಒಂದಕ್ಕೂ ನಡುವೆ ಇರುವುದು ಬಲ್ಬಿನ ಕಂಪನಿಯಲ್ಲ, ಬೇಕಾದಷ್ಟೇ ವ್ಯಾಟು ಮತ್ತು ಸ್ವಿಚ್ಚಿನ ಮೇಲಿನ ಕೈ.

ಅಂಗಡಿಯಲ್ಲಿ ವ್ಯಾಟಿನ ಬದಲು ಲ್ಯೂಮೆನ್ ನೋಡಬೇಕು. ವ್ಯಾಟು ತಿನ್ನುವ ಕರೆಂಟಿನ ಅಳತೆ, ಲ್ಯೂಮೆನ್ ಕೊಡುವ ಬೆಳಕಿನ ಅಳತೆ. 60 ವ್ಯಾಟಿನ ಗುಂಡು ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲ್ಯೂಮೆನ್. ಒಳ್ಳೆಯ 9 ವ್ಯಾಟಿನ ಎಲ್‌ಇಡಿ 900ರ ಆಸುಪಾಸು ಕೊಡುತ್ತದೆ. ಡಬ್ಬಿಯ ಮೇಲೆ ಬಿಇಇ ನಕ್ಷತ್ರಗಳಿರಲಿ, ಐಎಸ್ 16102 ಎಂಬ ಬಿಐಎಸ್ ಗುರುತಿರಲಿ. ಸಂತೆಯಲ್ಲಿ ತೂಕದ ಲೆಕ್ಕದಲ್ಲಿ ಮಾರುವಂತೆ ರಾಶಿ ಹಾಕಿದ, ಗುರುತಿಲ್ಲದ ಬಲ್ಬಿನ ಆಯುಷ್ಯ ಒಂದು ಮಳೆಗಾಲ.

ಗೃಹಜ್ಯೋತಿ ಮತ್ತು ಅಂಗಳ

2023ರ ಜುಲೈ ತಿಂಗಳ ಬಳಕೆಯಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಜಾರಿಗೆ ಬಂದ ಮೇಲೆ ‘ಹೇಗೂ ಪುಕ್ಕಟೆ, ಉರಿಯಲಿ ಬಿಡ್ರಿ’ ಎನ್ನುವ ಮಾತು ಕಿವಿಗೆ ಬೀಳುತ್ತದೆ. ಯೋಜನೆಯ ನಿಯಮ ಹಾಗಿಲ್ಲ. ತಿಂಗಳಿಗೆ 200 ಯೂನಿಟ್ ಎಂಬುದು ಹೊರಗಿನ ಬೇಲಿ. ಅದರ ಒಳಗೆ ಪ್ರತಿ ಮನೆಗೂ ತನ್ನದೇ ಬೇಲಿ ಇದೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ 2024ರಲ್ಲಿ ಈ ಶೇಕಡಾ 10ನ್ನು 10 ಯೂನಿಟ್ ಎಂದು ಬದಲಿಸಿದರು. ಮಿತಿ ಮೀರಿದ ಯೂನಿಟ್‌ಗಳಿಗೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲು.

ಸರಾಸರಿ 60 ಯೂನಿಟ್ ಇದ್ದ ಮನೆಗೆ 66ರ ತನಕ ಕರೆಂಟ್ ಕಂಪನಿ ಹೆಸ್ಕಾಂನ ಬಿಲ್ಲು ಸೊನ್ನೆ. ಹೊಸದಾಗಿ ಬಂದ ಫ್ಲಡ್‌ಲೈಟಿನ 18 ಯೂನಿಟ್ ಸೇರಿ 78 ಆದರೆ, ಮೇಲಿನ 12 ಯೂನಿಟ್‌ಗೆ ಬಿಲ್ಲು ಬರುತ್ತದೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ ತಿಂಗಳಿಗೆ 70 ರೂಪಾಯಿ ಮೀರುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಮಿಕ್ಸರು, ಫ್ಯಾನು, ಟಿ.ವಿ. ಎಲ್ಲ ಸೊನ್ನೆಯಲ್ಲಿ ನಡೆಯುವ ಮನೆಯಲ್ಲಿ, ಯಾರೂ ಇಲ್ಲದ ಅಂಗಳಕ್ಕೆ ಮಾತ್ರ ದುಡ್ಡು ಕಟ್ಟಿದಂತಾಗುತ್ತದೆ. ಕಂದೀಲಿನ ಕಾಲದಲ್ಲಿ ಎಣ್ಣೆ ಮಾಡುತ್ತಿದ್ದ ಕೆಲಸವನ್ನು ಈಗ ಈ ಶೇಕಡಾ 10 ಮಾಡುತ್ತಿದೆ.

ಬಿಳಿಯೋ ಹಳದಿಯೋ

ಬಲ್ಬಿನ ಡಬ್ಬಿಯ ಮೇಲೆ 6500, 4000, 3000 ಎಂದು ಕೆಲ್ವಿನ್ ಅಂಕಿ ಇರುತ್ತದೆ. ಅದು ಬಿಸಿಯ ಅಳತೆಯಲ್ಲ, ಬೆಳಕಿನ ಬಣ್ಣದ್ದು. 6500 ಎಂದರೆ ನೀಲಿ ಬೆರೆತ ಬಿಳಿ, 3000 ಅಥವಾ 2700 ಎಂದರೆ ಗುಂಡು ಬಲ್ಬಿನ ಹಳದಿ. ನಮ್ಮಲ್ಲಿ ಹೆಚ್ಚಾಗಿ ಬಿಕರಿಯಾಗುವುದು ಮೊದಲನೆಯದು. ಬಿಳಿ ಎಂದರೆ ಹೆಚ್ಚು ಬೆಳಕು ಎಂಬ ನಂಬಿಕೆ. ಅದರಲ್ಲಿ ಚೂರು ನಿಜವಿದೆ, ಅಷ್ಟೇ ವ್ಯಾಟಿಗೆ ಹಳದಿ ಎಲ್‌ಇಡಿ ಕೊಂಚ ಕಡಿಮೆ ಲ್ಯೂಮೆನ್ ಕೊಡುತ್ತದೆ. ಆದರೆ ಅಂಗಳದಲ್ಲಿ ಆ ಚೂರಿಗಾಗಿ ತೆರುವುದು ಬಹಳ.

ಮೊದಲ ತೆರಿಗೆ ಹುಳುಗಳದ್ದು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತಿ, ಬೆಳಗ್ಗೆ ಕಟ್ಟೆಯ ಮೇಲೆ ರೆಕ್ಕೆಯ ರಾಶಿ ಬಿದ್ದಿರುವುದನ್ನು ಗುಡಿಸದ ಮನೆಯಿಲ್ಲ. ಹೆಚ್ಚಿನ ಹುಳುಗಳ ಕಣ್ಣು ನೀಲಿ, ನೇರಳಾತೀತ ಬೆಳಕಿಗೆ ಚುರುಕು, ಹಳದಿಗೆ ಮಂದ. ದೀಪಕ್ಕೆ ಹುಳು ಏಕೆ ಸುತ್ತುತ್ತದೆ ಎಂಬ ಹಳೆಯ ಒಗಟಿಗೆ 2024ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಒಂದು ಚೆಂದದ ಉತ್ತರ ಬಂತು. ಹಾರುವ ಹುಳು ಬೆಳಕಿನ ಕಡೆಗೆ ಬೆನ್ನು ಮಾಡಿ ಹಾರುತ್ತದೆ. ಕೋಟಿ ವರ್ಷಗಳಿಂದ ಅದಕ್ಕೆ ಬೆಳಕಿನ ಕಡೆ ಎಂದರೆ ಆಕಾಶ, ಎಂದರೆ ಮೇಲು. ದೀಪದ ಪಕ್ಕ ಬಂದಾಗ ಅದೇ ಆಕಾಶವೆಂದು ತಿಳಿದು ಬೆನ್ನು ಅತ್ತ ವಾಲಿಸುತ್ತದೆ, ವಾಲಿದಷ್ಟೂ ಸುತ್ತು ತಿರುಗುತ್ತದೆ. ಪತಂಗ ದೀಪವನ್ನು ಪ್ರೀತಿಸಿ ಸಾಯುತ್ತದೆ ಎಂಬ ಕವಿಸಮಯ ಇಲ್ಲಿಗೆ ಸುಳ್ಳಾಯಿತು. ಪಾಪ, ಅದಕ್ಕೆ ಮೇಲು-ಕೆಳಗು ತಪ್ಪಿರುತ್ತದೆ ಅಷ್ಟೆ.

ರೈತರಿಗೆ ಈ ಸಂಗತಿ ಬೇರೆ ರೀತಿಯಲ್ಲಿ ಗೊತ್ತಿದೆ. ಹತ್ತಿ, ಕಡಲೆಯ ಕಾಯಿಕೊರಕದ ಪತಂಗಗಳನ್ನು ಹಿಡಿಯಲು ಬೆಳಕಿನ ಬಲೆ ಇಡುತ್ತಾರೆ. ಅದನ್ನೂ ಸಂಜೆಯ ಕೆಲವು ತಾಸು ಮಾತ್ರ ಉರಿಸಿರೆಂದು ತಿಳಿದವರು ಹೇಳುತ್ತಾರೆ, ಇಲ್ಲದಿದ್ದರೆ ಬೆಳೆಗೆ ಬೇಕಾದ ಹುಳುಗಳೂ ಸಾಯುತ್ತವೆ. ಹೀಗಿರುವಾಗ ಹತ್ತಿ ಹೊಲದ ಬದುವಿನಲ್ಲೇ ಇರುವ ಮನೆಯ ಮುಂದೆ ರಾತ್ರಿಯಿಡೀ ಬಿಳಿ ಫ್ಲಡ್‌ಲೈಟು ಹಾಕುವುದೆಂದರೆ, ಡಬ್ಬಿ ಇಲ್ಲದ ಬಲೆ ಇಟ್ಟು ಹುಳುಗಳನ್ನು ಮನೆಗೆ ಕರೆದಂತೆ. ಹುಳು ಬಂದಲ್ಲಿ ಹಲ್ಲಿ, ಕಪ್ಪೆ. ಕಪ್ಪೆ ಬಂದಲ್ಲಿ ಹಾವು.

ಎರಡನೆಯ ತೆರಿಗೆ ಗಿಡಗಳದ್ದು, ಇದು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಸೇವಂತಿ, ಸೋಯಾ ಮೊದಲಾದವು ರಾತ್ರಿ ದೀರ್ಘವಾದಾಗ ಹೂ ಕಟ್ಟುವ ಗಿಡಗಳು. ಅವು ಅಳೆಯುವುದು ಕತ್ತಲೆಯನ್ನು. ಸೇವಂತಿ ಬೆಳೆಗಾರರು ಇದನ್ನೇ ಲಾಭ ಮಾಡಿಕೊಂಡು, ಹಬ್ಬದ ಮಾರುಕಟ್ಟೆಗೆ ಹೊಂದಿಸಲು ಹೊಲದಲ್ಲಿ ಬಲ್ಬು ತೂಗುಹಾಕಿ ರಾತ್ರಿ ಬೆಳಕು ಕೊಟ್ಟು ಹೂವನ್ನು ತಡೆದಿಡುತ್ತಾರೆ. ಹಿತ್ತಲ ಸೇವಂತಿ ದೀಪಾವಳಿಗೂ ಬರಿ ಎಲೆಯಾಗಿ ನಿಂತಿದ್ದರೆ ಗೊಬ್ಬರಕ್ಕೆ ಓಡುವ ಮುನ್ನ ಮೇಲಿನ ದೀಪ ನೋಡುವುದು ಒಳ್ಳೆಯದು. ಸೋಯಾದ ಕಥೆಯೂ ಇದೇ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆ ದೀಪದ ಬೆಳಕು ಬೀಳುವ ಸೋಯಾ, ಉಳಿದ ಹೊಲ ಮಾಗಿ ಒಣಗಿದಾಗಲೂ ಹಸಿರಾಗಿ ನಿಂತದ್ದನ್ನು ಅಧ್ಯಯನ ಮಾಡಿ ದಾಖಲಿಸಿದ್ದಾರೆ. ಬೈಲಹೊಂಗಲದ ಎರೆ ಹೊಲದಲ್ಲಿ ಮುಂಗಾರಿಗೆ ಸೋಯಾ ಬಿತ್ತುವವರು, ಮನೆ ಮುಂದಿನ ಕಂಬದ ದೀಪ ಹೊಲದ ಕಡೆ ಮುಖ ಮಾಡಿದ್ದರೆ ಅದನ್ನು ತಿರುಗಿಸಿಕೊಳ್ಳುವುದು ಮೇಲು.

ಆದ್ದರಿಂದ ಹೊರಗಿನ ದೀಪಕ್ಕೆ 3000 ಕೆಲ್ವಿನ್ ಅಥವಾ ಅದಕ್ಕೂ ಕೆಳಗಿನ ಹಳದಿಯೇ ಇರಲಿ. ಬಿಳಿ ಬೆಳಕನ್ನು ಓದುವ ಕೋಣೆಗೆ, ಕಾಳು ಹಸನು ಮಾಡುವ ಜಾಗಕ್ಕೆ ಇಟ್ಟುಕೊಳ್ಳಬಹುದು.

ಕಳ್ಳರ ಭಯ

‘ಎಲ್ಲ ಸರಿ, ಕಳ್ಳರು ಬಂದರೆ?’ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಒಂಟಿ ಮನೆಯವರ ಅಂಜಿಕೆ ಸುಳ್ಳಲ್ಲ. ಈ ಬಗ್ಗೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ತಾತ್ಕಾಲಿಕ ದೀಪಗೋಪುರ ನಿಲ್ಲಿಸಿದಾಗ, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಮೂರನೇ ಒಂದು ಪಾಲಿನಷ್ಟು ಇಳಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳಲ್ಲಿ ಬೀದಿ ದೀಪ ಆರಿಸಿದ, ಮಂದ ಮಾಡಿದ ಕಡೆಗಳನ್ನು ನೋಡಿದ 2015ರ ಅಧ್ಯಯನಕ್ಕೆ, ಅಪರಾಧವಾಗಲಿ ಅಪಘಾತವಾಗಲಿ ಹೆಚ್ಚಿದ ಪುರಾವೆ ಸಿಗಲಿಲ್ಲ. ಎರಡನ್ನೂ ಕೂಡಿಸಿ ಓದಿದರೆ ಅನ್ನಿಸುವುದಿಷ್ಟು: ನೋಡುವ ಕಣ್ಣುಗಳಿರುವ ಕಡೆ ಬೆಳಕು ಕಾವಲಾಗುತ್ತದೆ. ಎಲ್ಲರೂ ಮಲಗಿದ ಹೊಲದ ನಡುವೆ ಅದು ಕಳ್ಳನಿಗೂ ದಾರಿ ತೋರಿಸಬಹುದು.

ಫ್ಲಡ್‌ಲೈಟಿನ ಇನ್ನೊಂದು ಮೋಸವನ್ನು ಯಾರಾದರೂ ಇಂದು ರಾತ್ರಿಯೇ ಪರೀಕ್ಷಿಸಬಹುದು. ಅದರ ಎದುರು ನಿಂತು ಗೇಟಿನ ಕಡೆ ನೋಡಿ, ಕಂಬದ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಈಗ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ದೀಪವನ್ನಷ್ಟೇ ಮರೆ ಮಾಡಿ, ಕತ್ತಲೊಳಗಿನದು ಒಡನೆ ಕಾಣತೊಡಗುತ್ತದೆ. ಕೈ ಮಾಡಿದ ಕೆಲಸವನ್ನು ದೀಪದ ಮೇಲಿನ ಒಂದು ತಗಡಿನ ಟೊಪ್ಪಿಗೆ ಮಾಡಬಲ್ಲದು. ದೀಪ ಕೆಳಮುಖವಾಗಿರಬೇಕು, ಬಲ್ಬು ಕಣ್ಣಿಗೆ ಕಾಣದೆ ನೆಲ ಮಾತ್ರ ಬೆಳಗಬೇಕು. ಹಾವು, ಚೇಳಿನ ಅಂಜಿಕೆಗೂ ಇದೇ ಮದ್ದು, ಅವು ಇರುವುದು ನೆಲದ ಮೇಲೆ ತಾನೆ.

ಕಳ್ಳನಿಗೆ ಉರಿಯುವ ದೀಪಕ್ಕಿಂತ ಥಟ್ಟನೆ ಹೊತ್ತಿಕೊಳ್ಳುವ ದೀಪ ಹೆಚ್ಚು ಭಯ. ಓಡಾಟ ಗುರುತಿಸುವ ಸೆನ್ಸರ್ ದೀಪ ಮನುಷ್ಯ ಬಂದಾಗ ಒಂದೆರಡು ನಿಮಿಷ ಉರಿದು ಆರುತ್ತದೆ. ಮಲಗಿದವರಿಗೂ ಅದು ಸುದ್ದಿ ಕೊಡುತ್ತದೆ. ಒಂದು ಎಚ್ಚರಿಕೆ: ಅದು ಮೈ ಶಾಖದ ಚಲನೆಯನ್ನು ಹಿಡಿಯುವುದರಿಂದ ನಾಯಿ, ಎಮ್ಮೆಗಳಿಗೂ ಹೊತ್ತಿಕೊಳ್ಳುತ್ತದೆ. ಅದರ ಕಣ್ಣು ಗೋದಲಿಯ ಕಡೆಗಿರದೆ ಕಾಲುದಾರಿಯ ಕಡೆಗಿರಲಿ. ಕತ್ತಲಾದಾಗ ಹೊತ್ತಿ ಬೆಳಗಾದಾಗ ಆರುವ ‘ಆಟೊಮ್ಯಾಟಿಕ್’ ದೀಪ ಬೇರೆಯೇ ವಸ್ತು, ಇವೆರಡನ್ನು ಒಂದೇ ಎಂದುಕೊಳ್ಳಬಾರದು. ಎರಡನೆಯದು ಹಗಲ ದಂಡವನ್ನು ತಪ್ಪಿಸುತ್ತದೆ, ರಾತ್ರಿಯ ತಾಸು ಒಂದನ್ನೂ ಉಳಿಸುವುದಿಲ್ಲ.

ಬಿಸಿಲ ದೀಪ

ನೇಸರಗಿಯ ಹೆಸರಲ್ಲೇ ನೇಸರನಿರುವಾಗ ಸೋಲಾರ್ ಮಾತು ಬಾರದೆ ಇರುತ್ತದೆಯೇ? ಕರ್ನಾಟಕದ ಹಳ್ಳಿಗಳಿಗೆ ಇದು ನಿನ್ನೆಯದಲ್ಲ. ಹರೀಶ್ ಹಂದೆ 1995ರಲ್ಲಿ ಜತೆಗಾರರೊಂದಿಗೆ ಕಟ್ಟಿದ ಸೆಲ್ಕೋ ಸಂಸ್ಥೆ ಮನೆಮನೆಗೆ ಸೌರದೀಪ ಒಯ್ದಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜತೆಗೂಡಿ ಸೌರದೀಪಕ್ಕೆ ಸಾಲ ಕೊಡಿಸಿತು. ಆ ದೀಪಗಳು ನಿಂತದ್ದು ಅಳೆದು ಹಾಕಿದ ಪ್ಯಾನೆಲ್, ಅಳೆದ ಬ್ಯಾಟರಿ ಮತ್ತು ಕರೆದಾಗ ಬರುವ ರಿಪೇರಿಯವನಿಂದ.

ಈಗಿನ ಅಂಗಡಿಯ ಮಾತು ಹಾಗಿಲ್ಲ. ‘ಅಣ್ಣಾರ, 200 ವ್ಯಾಟಿಂದ್ ಐತ್ರಿ, ರಾತ್ರಿ ಪೂರಾ ಉರೀತೈತಿ’ ಎಂದು ಅಂಗೈಯಗಲದ ಪ್ಯಾನೆಲ್ಲಿನ ದೀಪ ಕೈಗಿಡುತ್ತಾರೆ. ಇದನ್ನು ಅಳೆಯಲು ಒಂದು ಸ್ಕೇಲು ಸಾಕು. ಒಳ್ಳೆಯ ಸೋಲಾರ್ ಪ್ಯಾನೆಲ್ ನಡುಹಗಲಲ್ಲಿ ಚದರ ಮೀಟರಿಗೆ ಸುಮಾರು 200 ವ್ಯಾಟ್ ಕೊಡುತ್ತದೆ. ಎ4 ಹಾಳೆಯಷ್ಟು ದೊಡ್ಡದು ಹೆಚ್ಚೆಂದರೆ 12 ವ್ಯಾಟ್. ದಿನದ ನಾಲ್ಕೈದು ತಾಸಿನ ಗಟ್ಟಿ ಬಿಸಿಲು ಲೆಕ್ಕ ಹಿಡಿದು, ಬ್ಯಾಟರಿಯಲ್ಲಿ ಸೋರುವುದನ್ನು ಕಳೆದರೆ, ರಾತ್ರಿ ಹನ್ನೆರಡು ತಾಸು 3 ವ್ಯಾಟಿನ ದೀಪ ಉರಿಸಬಹುದು. 200 ಎಂಬುದು ಡಬ್ಬಿಯ ಮೇಲಿನ ಚಿತ್ರಕ್ಕೆ ಸೇರಿದ ಅಂಕಿ. 3 ವ್ಯಾಟೇ ಅಂಗಳಕ್ಕೆ ಸಾಕು ಎಂಬುದು ಬೇರೆ ಮಾತು.

ಆಷಾಢ-ಶ್ರಾವಣದ ಮೋಡಕ್ಕೆ ಈ ಲೆಕ್ಕವೂ ಅರ್ಧಕ್ಕಿಳಿಯುತ್ತದೆ. ಸುಗ್ಗಿಯ ಧೂಳು ಕೂತರೆ ಇನ್ನಷ್ಟು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಅಕ್ಷಾಂಶದಷ್ಟು ಅಂದರೆ 16 ಡಿಗ್ರಿ ಸುಮಾರು ವಾಲಿರಲಿ. ವಾರಕ್ಕೊಮ್ಮೆ ಒದ್ದೆ ಬಟ್ಟೆ ಆಡಿಸಿದರೆ ಸಾಕು. ಹೂದೋಟದಲ್ಲಿ ನೆಡುವ ಸಣ್ಣ ಸೋಲಾರ್ ಕಡ್ಡಿದೀಪಗಳು ಅಂದಕ್ಕೆ ಸರಿ, ದಾರಿ ಕಾಣಲು ಅಲ್ಲ. ಒಂದೆರಡು ವರ್ಷಕ್ಕೆ ಅವುಗಳ ಒಳಗಿನ ಸೆಲ್ ಸತ್ತಾಗ ಎಸೆಯದೆ ಅದನ್ನಷ್ಟೇ ಬದಲಿಸಬಹುದು. ಒಟ್ಟಿನಲ್ಲಿ ಕರೆಂಟು ಕೈಗೆಟಕುವ ಊರೊಳಗಿನ ಮನೆಗೆ 5 ವ್ಯಾಟಿನ ಹಳದಿ ಎಲ್‌ಇಡಿಯೇ ಸೋಲಾರ್‌ಗಿಂತ ಅಗ್ಗ. ಪಂಪ್‌ಸೆಟ್ ಲೈನನ್ನೇ ನಂಬಿ, ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಎಂದು ಕಾಯುವ ತೋಟಪಟ್ಟಿಯ ಮನೆಗೆ ಸೋಲಾರ್ ನಿಜವಾದ ನಂಟ.

ಎರೆ ಮಣ್ಣು, ಮಳೆ, ತಂತಿ

ಹೊರಗಿನ ದೀಪಕ್ಕೆ ಐಪಿ ಅಂಕಿ ಮುಖ್ಯ. ಐಪಿ 65ರಲ್ಲಿ 6 ಎಂದರೆ ಧೂಳು ಹೊಗುವುದಿಲ್ಲ, 5 ಎಂದರೆ ನೀರಿನ ಚಿಮ್ಮು ತಡೆಯುತ್ತದೆ. ಮಳೆಗೆ ತೆರೆದ ಜಾಗಕ್ಕೆ ಇದಿರಲಿ, ಕಟ್ಟೆಯ ಮಾಡಿನ ಕೆಳಗೆ ಐಪಿ 44 ಸಾಕು. ಎಲ್‌ಇಡಿ ಸಾಯುವುದು ಬಹುಪಾಲು, ಕರೆಂಟನ್ನು ಹದ ಮಾಡಿ ಕೊಡುವ ತನ್ನ ಡ್ರೈವರ್‌ನಿಂದ. ಬಿಸಿ ಮತ್ತು ವೋಲ್ಟೇಜಿನ ಏರಿಳಿತ ಅದನ್ನು ಕೊಲ್ಲುತ್ತವೆ. ಗಾಳಿಯಾಡದ ಗಾಜಿನ ಗುಂಡಿನೊಳಗೆ ಒಳಮನೆಯ ಬಲ್ಬು ತುರುಕಿದರೆ ಅದು ಬೇಗ ಹೋಗುವುದು ಈ ಕಾರಣಕ್ಕೆ. ಬಣವೆಯ ಹತ್ತಿರ ಹಳೆಯ ಹ್ಯಾಲೊಜೆನ್ ದೀಪ ಬೇಡವೇ ಬೇಡ, ಅದರ ಕಾವಿಗೆ ಒಣ ಹುಲ್ಲು ಹೊತ್ತಿಕೊಂಡೀತು.

ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತದೆ. ಅದರಲ್ಲಿ ಆಳವಿಲ್ಲದೆ ನೆಟ್ಟ ದೀಪದ ಕಂಬ ಎರಡು ವರ್ಷದಲ್ಲಿ ವಾಲುತ್ತದೆ, ಕೊಳವೆಯಿಲ್ಲದೆ ಹೂತ ವೈರು ಜಗ್ಗಿ ಹರಿಯುತ್ತದೆ. ಗುಂಡಿ ಆಳ ತೋಡಿ, ಗರಸು ತುಂಬಿ, ಅದರ ಮೇಲೆ ಕಾಂಕ್ರೀಟು ಹಾಕುವುದು ಇಲ್ಲಿಯ ಮೇಸ್ತ್ರಿಗಳಿಗೆ ಗೊತ್ತಿರುವ ರೀತಿ. ದೀಪದ ಕಂಬಕ್ಕೂ ಅದನ್ನೇ ಮಾಡಿಸಬೇಕು. ಕಬ್ಬಿಣದ ಕಂಬಕ್ಕೆ ಅರ್ಥಿಂಗ್, ಹೊರಗಿನ ಲೈನಿಗೆ ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಇವೆರಡರಲ್ಲಿ ಜಿಪುಣತನ ಸಲ್ಲದು. ಬಟ್ಟೆ ಒಣಹಾಕುವ ತಂತಿಗೆ ದೀಪಾವಳಿಯ ಸೀರಿಯಲ್ ಸೆಟ್ ಸುತ್ತುವ ರೂಢಿಯನ್ನಂತೂ ಇವತ್ತೇ ಬಿಡಬೇಕು.

ಒಂದು ಅಂಗಳ

ಈ ಎಲ್ಲವನ್ನೂ ಒಂದು ಮನೆಗೆ ಇಳಿಸಿ ನೋಡೋಣ. ಬಾಗಿಲ ಮುಂದಿನ ಕಟ್ಟೆಗೆ ಮಾಡಿನ ಕೆಳಗೆ 5 ವ್ಯಾಟಿನ ಹಳದಿ ದೀಪ, ಸಂಜೆ ಆರೂವರೆಯಿಂದ ಹತ್ತರವರೆಗೆ. ಮಾತುಕತೆ ಮುಗಿದಾಗ ಅದೂ ಮುಗಿಯಲಿ. ತಿಂಗಳಿಗೆ ಅರ್ಧ ಯೂನಿಟ್. ಗೇಟಿನಿಂದ ಬಾಗಿಲ ತನಕದ ದಾರಿಗೆ 9 ವ್ಯಾಟಿನ ಸೆನ್ಸರ್ ದೀಪ, ಸೆನ್ಸರು ಎಚ್ಚರವಿರಲು ತಿನ್ನುವುದನ್ನೂ ಸೇರಿಸಿ ಇನ್ನೊಂದು ಅರ್ಧ. ದನದ ಮನೆಗೆ 7 ವ್ಯಾಟು, ಹಾಲು ಹಿಂಡುವ ಎರಡು ತಾಸು ಮಾತ್ರ, ಸ್ವಿಚ್ಚು ಕೈಗೆ ಸಿಗುವಂತೆ ಬಾಗಿಲಲ್ಲೇ. ಅಲ್ಲಿಗೆ 0.42 ಯೂನಿಟ್. ರಾತ್ರಿ ಏಳುವ ಹಿರಿಯರಿಗಾಗಿ ಹಿತ್ತಲ ಬಚ್ಚಲಿನ ದಾರಿಗೆ ಅರ್ಧ ವ್ಯಾಟಿನ ಎಲ್‌ಇಡಿ ಝೀರೋ ಬಲ್ಬು, ಇದೊಂದು ಮಾತ್ರ ರಾತ್ರಿಯಿಡೀ. 0.18 ಯೂನಿಟ್. ಸೇವಂತಿಯ ಪಾತಿಗೆ ದೀಪವಿಲ್ಲ.

ನಾಲ್ಕೂ ಸೇರಿ ತಿಂಗಳಿಗೆ ಎರಡು ಯೂನಿಟ್‌ನ ಒಳಗೆ, ಹತ್ತು ರೂಪಾಯಿಯ ಆಸುಪಾಸು. ಗೃಹಜ್ಯೋತಿಯ ಬೇಲಿಗೂ ಇದು ತಾಗುವುದಿಲ್ಲ. ಈ ನಾಲ್ಕರಲ್ಲಿ ರಾತ್ರಿಯಿಡೀ ಉರಿಯುವ ಹಕ್ಕು ಅತಿ ಸಣ್ಣ ದೀಪಕ್ಕೆ ಸಿಕ್ಕಿತು, ಏಕೆಂದರೆ ರಾತ್ರಿಯಿಡೀ ಅದರ ಅಗತ್ಯವಿರುವ ಮನುಷ್ಯರು ಆ ಮನೆಯಲ್ಲಿದ್ದಾರೆ. ಗಾಣದ ಎಣ್ಣೆಯನ್ನು ನಂದಾದೀವಿಗೆಗೆ ಬಿಟ್ಟುಕೊಟ್ಟವರೂ ದತ್ತಿ ಬರೆಸುವ ಮುಂಚೆ ಇಂಥದ್ದೇ ಲೆಕ್ಕ ಹಾಕಿರಬೇಕು: ಯಾವ ದೀಪ ಆರಬಾರದು, ಯಾವುದನ್ನು ಆರಿಸಿ ಮಲಗಬಹುದು.